ಹೊನ್ನಕ್ಕನಿಗೆ ಹಾಕಿದ ಎಲೆ

ಜಿನೇಂದ್ರಣ್ಣನಂಥ ಅಡಿಗೆಯವನು ನಮ್ಮ ಕಡೆ ಇನ್ನೊಬ್ಬನಿಲ್ಲ, ಅವನಂಥ ಮೊಂಡನೂ ಇನ್ನೊಬ್ಬನಿಲ್ಲ. ಎರಡನೆಯ ಮಾತನ್ನು ಅವನ ಮುಖಕ್ಕೇ ಎಷ್ಟೋ ಸಲ ಹೇಳಿದ್ದೇನೆ. ಶ್ರವಣಬೆಳಗೊಳದ ಜೈನರ ಮನೆಗಳಲ್ಲಿ ಮದುವೆ, ನಾಮಕರಣ ಎಂದರೆ ಅವನದೇ ಒಲೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ ಯಾವುದನ್ನೂ ಮುಟ್ಟದೆ ಅವನು ಮಾಡುವ ಹುಳಿಯನ್ನು ಉಂಡು ಬಂದವರು ಮನೆಯಲ್ಲಿ ಹೆಂಡತಿಯ ಅಡಿಗೆಗೆ ಹೆಸರಿಡುತ್ತಾರೆ. ನಾನೂ ಇಟ್ಟು ಬೈಸಿಕೊಂಡಿದ್ದೇನೆ. ನಾನು ಕನಕರಾಜು, ಚನ್ನರಾಯಪಟ್ಟಣದವನು, ಅವನ ತಂಡದಲ್ಲಿ ತರಕಾರಿ ಹೆಚ್ಚುವುದರಿಂದ ಶುರು ಮಾಡಿ ಈಗ ಅವನ ಬಲಗೈ ಆಗಿದ್ದೇನೆ. ಹಾಗಂತ ನಾನೇ ಹೇಳಿಕೊಳ್ಳಬೇಕು, ಅವನು ಹೇಳುವವನಲ್ಲ.

ಅರಕಲಗೂಡು, ಹೊಳೆನರಸೀಪುರ, ಎಲ್ಲಿಗೆ ಕರೆದರೂ ಹೊರಡುವ ಮನುಷ್ಯ ಹಾಸನ ಎಂದರೆ ಮಾತ್ರ ಫೋನ್ ಇಟ್ಟುಬಿಡುತ್ತಿದ್ದ. ಒಳ್ಳೊಳ್ಳೆಯ ಕೆಲಸಗಳು ಕೈಬಿಟ್ಟು ಹೋಗುತ್ತಿದ್ದವು, ನಮಗೆಲ್ಲ ಹೊಟ್ಟೆ ಉರಿಯುತ್ತಿತ್ತು.

"ಆ ಊರು ನಿಂಗೇನ್ ಮಾಡೈತಣ್ಣ? ಜಿಲ್ಲೆಗೇ ದೊಡ್ಡೂರು, ಅದ್ನೇ ಬುಟ್ರೆ ಎಂಗೆ?" ಎಂದು ಒಮ್ಮೆ ರೇಗಿದೆ.

"ಆ ಊರಲ್ಲಿ ನಾನು ಹಸ್ಕೊಂಡಿದ್ದೆ ಕಣೋ," ಎಂದ. ಆವತ್ತು ಮೊದಲ ಸಲ ಪೂರ್ತಿ ಕತೆ ಹೇಳಿದ.

ಅಪ್ಪ ತೀರಿಹೋದ ವರ್ಷ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಹಾಸನದ ಒಂದು ಹೋಟೆಲಿಗೆ ಟೇಬಲ್ ಒರೆಸಲು ಸೇರಿದ್ದನಂತೆ. ಜೈನರಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹೋಟೆಲಿನಲ್ಲಿ ಕೆಲಸದವರಿಗೆ ಊಟ ಹಾಕುವುದು ಗಿರಾಕಿಗಳೆಲ್ಲ ಎದ್ದುಹೋದ ಮೇಲೆ. ಸ್ವಲ್ಪ ಮುಂಚೆ ಉಣ್ಣುತ್ತೇನೆ ಎಂದು ಕೇಳಿದ್ದಕ್ಕೆ ಮಾಲೀಕ, "ಸೂರ್ಯನ್ ನೋಡ್ಕಂಡು ಉಣ್ಣೋ ಸಾವ್ಕಾರ ಬಂದವ್ನೆ, ಎಲೆ ಹಾಕ್ರಪ್ಪ!" ಎಂದು ಗಿರಾಕಿಗಳ ಎದುರಿಗೇ ಆಡಿಕೊಂಡನಂತೆ. ಆಮೇಲೆ ಇವನು ಕೇಳಲಿಲ್ಲ. ರಾತ್ರಿ ಎಲ್ಲರೂ ಉಣ್ಣುವಾಗ ಗೋಣಿಚೀಲದ ಮೇಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

ಅದನ್ನು ಕಂಡವಳು ಹೊನ್ನಕ್ಕ. ಹೋಟೆಲಿನಲ್ಲಿ ಹಿಟ್ಟು ರುಬ್ಬುವವಳು, ಇವನ ಜಾತಿಯವಳಲ್ಲ, ಕುಲದವಳಲ್ಲ. ಸಾಂಬಾರಿಗೆ ಈರುಳ್ಳಿ ಬೀಳುವ ಮುಂಚೆ ಒಂದು ಸೌಟು ಬೇಳೆ ತೆಗೆದಿಟ್ಟು, ಅದರಲ್ಲಿ ಇಡ್ಲಿ ಮುಳುಗಿಸಿ, ಬಿಸಿಲಿರುವಾಗಲೇ ಇವನನ್ನು ಹಿತ್ತಿಲ ತೊಟ್ಟಿಯ ಮರೆಯಲ್ಲಿ ಕೂರಿಸಿ ತಿನ್ನಿಸುತ್ತಿದ್ದಳು. ಮಾಲೀಕ ಕೂಗಾಡಿದರೆ, "ನನ್ ಪಾಲಿಂದು ಕೊಟ್ಟಿವ್ನಿ, ನಿಂಗೇನ್ ನಷ್ಟ?" ಎನ್ನುತ್ತಿದ್ದಳಂತೆ. ನಿಜವಾಗಿಯೂ ಅವಳ ಪಾಲಿನದೇ. ಆ ರಾತ್ರಿಗಳಲ್ಲಿ ಅವಳು ಏನು ಉಂಡಳೋ ಇವನು ಯಾವತ್ತೂ ವಿಚಾರಿಸಲಿಲ್ಲ. ಒಂದು ದಿನ ಮಾಲೀಕ ಇವನ ಕೆನ್ನೆಗೆ ಹೊಡೆದ. ಇವನು ಹಾಕಿದ ಬಟ್ಟೆಯಲ್ಲೇ ಊರಿನ ಬಸ್ಸು ಹತ್ತಿದ. ರುಬ್ಬುತ್ತಿದ್ದ ಹೊನ್ನಕ್ಕನಿಗೆ ಹೋಗುತ್ತೇನೆ ಎಂದು ಒಂದು ಮಾತೂ ಹೇಳಲಿಲ್ಲ.

ಮೊನ್ನೆ ಮಾಘದಲ್ಲಿ ಅವನ ಮೊಂಡುತನಕ್ಕೂ ಪೆಟ್ಟು ಬಿತ್ತು. ಅವನ ಸೋದರತ್ತೆಯ ಮಗ ಬ್ರಹ್ಮದೇವರು ತಮ್ಮ ಮಗಳು ತ್ರಿಷಾಳ ಮದುವೆಯನ್ನು ಹಾಸನದ ಕಲ್ಯಾಣ ಮಂಟಪದಲ್ಲಿ ಇಟ್ಟುಕೊಂಡರು. ನೆಂಟರಿಗೆ ಇಲ್ಲ ಅನ್ನಲಾಗುತ್ತದೆಯೇ? ಹೊರಟೆವು. ಹಿಂದಿನ ದಿನ ತರಕಾರಿಗೆಂದು ಮಾರ್ಕೆಟ್ಟಿಗೆ ಹೋದಾಗ ಇವನು ತಲೆ ತಗ್ಗಿಸಿಕೊಂಡೇ ನಡೆಯುತ್ತಿದ್ದ. ನಾನು ಬದನೆಕಾಯಿಯವಳ ಹತ್ತಿರ ಜಗಳಕ್ಕೆ ನಿಂತಿದ್ದೆ. ಹಿಂದಿನಿಂದ ಯಾರೋ ಕೂಗಿದರು.

"ಏ, ನೀನು ಜಿನ ಅಲ್ವೇನ್ಲಾ?"

ಸೊಪ್ಪಿನ ಕಟ್ಟು ಹಿಡಿದ ಮುದುಕಿ. ಜಿನೇಂದ್ರಣ್ಣ ಆ ಕೆಸರಿನಲ್ಲೇ ಬಗ್ಗಿ ಅವಳ ಕಾಲು ಹಿಡಿದ. ಇಷ್ಟು ದೊಡ್ಡ ಆಳು ಎಳೆ ಹುಡುಗನ ಥರ ಅತ್ತುಬಿಟ್ಟ.

"ಹೇಳ್ದೆ ಹೋಗ್ಬಿಟ್ಟೆ ಅಕ್ಕ. ಅದೊಂದು ಮನಸ್ಸಲ್ಲಿ ಇರ್ತಾನೇ ಇತ್ತು."

"ಓಗ್ಲಿ ಬುಡು ಅತ್ಲಾಗೆ. ಮೈ ಕೈ ತುಂಬ್ಕಂಡಿದ್ದೀಯ, ಅಷ್ಟೇ ಸಾಕು ಕಣಪ್ಪ," ಎಂದು ಅವನ ಬೆನ್ನು ಸವರಿದಳು. ಈಗ ಯಾವುದೋ ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳಂತೆ. ಈ ವಯಸ್ಸಿನಲ್ಲಿ!

"ನಾಳೆ ಸಾಯಂಕಾಲ ನನ್ ಕೈ ಊಟಕ್ಕೆ ಬರ್ಲೇಬೇಕು," ಎಂದು ಜಿನೇಂದ್ರಣ್ಣ ಮಂಟಪದ ಗುರುತು ಹೇಳಿದ. "ಮುಂದ್ಗಡೆ ಬಹಳ ಜನ ಇರ್ತಾರೆ. ನೀನು ಹಿಂದ್ಗಡೆ ಅಡಿಗೆಮನೆ ಬಾಗ್ಲಿಗೆ ಬಾ, ನಾನು ಅಲ್ಲೇ ಇರ್ತೀನಿ."

ಮನಸ್ಸಿನಲ್ಲಿ ಇದ್ದದ್ದು ಬೇರೆ. ದಾರಿಯಲ್ಲಿ ನನಗೆ ಹೇಳಿದ. ಅವಳನ್ನು ಮೊದಲ ಪಂಕ್ತಿಯಲ್ಲಿ ಕೂರಿಸಬೇಕು, ತಾನೇ ಬಡಿಸಬೇಕು, ಅವಳು ಎದ್ದ ಮೇಲೆ ತಾನು ಉಣ್ಣಬೇಕು. ಇದನ್ನು ಅವಳಿಗೇ ಬಾಯಿಬಿಟ್ಟು ಹೇಳಿದ್ದರೆ ಗಂಟೇನು ಹೋಗುತ್ತಿತ್ತು!

ಮರುದಿನ ಅವನ ಸಡಗರ ನೋಡಬೇಕಿತ್ತು. ಮದುಮಗಳ ಅಪ್ಪನಿಗೂ ಅಷ್ಟಿರಲಿಲ್ಲ. ಹೋಳಿಗೆಯನ್ನು ಯಾರ ಕೈಗೂ ಕೊಡದೆ ತಾನೇ ತಟ್ಟಿದ. ಬಿಸಿಲು ಇಳಿಯುವ ಮೊದಲೇ ಊಟ ಮುಗಿಯಬೇಕಾದ್ದರಿಂದ ಪಂಕ್ತಿಗಳು ಬೇಗ ಶುರುವಾದವು. ಮೊದಲ ಪಂಕ್ತಿಯ ತುದಿಯಲ್ಲಿ ಕುಡಿ ಎಲೆ ಹಾಕಿ, ನೀರು ಚಿಮುಕಿಸಿ, ಕುರ್ಚಿಗೆ ತನ್ನ ಟವೆಲ್ಲು ಹಾಕಿದ. ಕೂರಲು ಬಂದ ನೆಂಟರನ್ನೆಲ್ಲ ಎಬ್ಬಿಸಿದ.

"ಯಾರಿಗಪ್ಪಾ ಇಷ್ಟು ಮರ್ಯಾದೆ?" ಎಂದು ಬ್ರಹ್ಮದೇವರು ಕೇಳಿದರು.

"ನಮ್ಮಕ್ಕನಿಗೆ," ಎಂದ.

ಮೊದಲ ಪಂಕ್ತಿ ಎದ್ದಿತು. ಎರಡನೆಯದೂ ಎದ್ದಿತು. ಅವನು ಬಡಿಸುವುದು, ಹಿಂದಿನ ಬಾಗಿಲಿಗೆ ಓಡುವುದು, ಬರುವುದು. ಬಾಗಿಲಲ್ಲಿ ಯಾರೂ ಇಲ್ಲ. ಕಡೆಯ ಪಂಕ್ತಿಯಲ್ಲಿ ನಾವು ಕೆಲಸದವರೆಲ್ಲ ಕುಳಿತೆವು.

"ಅಣ್ಣ, ನೀನೂ ಕೂತ್ಕ. ಒತ್ತು ಮುಳುಗ್ತಾ ಐತೆ," ಎಂದೆ.

"ಅಕ್ಕ ಬರ್ಲಿ."

"ಅಕ್ಕ ಬತ್ತಾಳೆ, ನಿಂಗೋಸ್ಕರ ಸೂರ್ಯ ನಿಲ್ತಾನಾ? ತಿನ್ನು ಮಾರಾಯ!"

ತಿನ್ನಲಿಲ್ಲ. ಬೆಳಕು ಹೋಯಿತು. ಮಿಕ್ಕ ಅಡಿಗೆಯನ್ನು ಆಗಲೇ ಒಂದು ಆಶ್ರಮಕ್ಕೆ ಕಳಿಸಿದ್ದರು. ಆ ಮನೆಯವರಲ್ಲಿ ಅಡಿಗೆಯನ್ನು ರಾತ್ರಿಗೆ ಉಳಿಸುವುದಿಲ್ಲ, ಕತ್ತಲಾದ ಮೇಲೆ ಒಲೆ ಹಚ್ಚುವುದೂ ಇಲ್ಲ. ಪಾತ್ರೆ ತೊಳೆದು ಕವುಚಿ ಹಾಕಿದೆವು. ಆಗ ಬಾಗಿಲಲ್ಲಿ ಹೊನ್ನಕ್ಕ ಕಾಣಿಸಿಕೊಂಡಳು. ಇಸ್ತ್ರಿ ಮಾಡಿದ ಸೀರೆ ಉಟ್ಟು ಹೂವು ಮುಡಿದಿದ್ದಳು.

"ಇಷ್ಟೊತ್ತು ಎಲ್ಲಿದ್ದೆ ಅಕ್ಕ?" ಎನ್ನುತ್ತಾ ಜಿನೇಂದ್ರಣ್ಣ ಓಡಿ ಬಂದ.

"ಇಲ್ಲೇ ಇವ್ನಿ ಕಣಪ್ಪ, ಬಿಸ್ಲಲ್ಲೇ ಬಂದೆ. ಪಂಕ್ತಿ ನಡೀತಿತ್ತು. ಬಂದೋರೆಲ್ಲ ಉಂಡು ಏಳ್ಲಿ ಅಂತ ಆ ಜನರೇಟರ್ ಮರೇಲಿ ಕುಂತಿದ್ದೆ. ಅಡ್ಗೆಮನೆ ಬಾಗ್ಲಿಗೆ ಬಾ ಅಂದ್ಯಲ್ಲ, ನಾವು ಉಣ್ಣೋದು ಎಲ್ರುದೂ ಆದ್ಮ್ಯಾಲೆ ತಾನೆ?"

ಜನರೇಟರ್ ಪಕ್ಕದಲ್ಲಿ ಮುದುಕಿ ಕೂತದ್ದನ್ನು ನಮ್ಮ ಪಾತ್ರೆ ತೊಳೆಯುವ ಚನ್ನಪ್ಪ ನೋಡಿದ್ದನಂತೆ. ಮಿಕ್ಕಿದ್ದು ಕೇಳಲು ಬಂದವಳು ಎಂದುಕೊಂಡು ಸುಮ್ಮನಿದ್ದನಂತೆ. ಅವನ ಕಪಾಳಕ್ಕೆ ಬಿಡಬೇಕೆನ್ನಿಸಿತು. ಆದರೆ ಅವನದೇನು ತಪ್ಪು? ಹೋಟೆಲು, ಮದುವೆಮನೆ ಎಂದು ಹಿಂದಿನ ಬಾಗಿಲಿನಲ್ಲೇ ಬದುಕಿದವರಿಗೆ ಎಲ್ಲರಿಗಿಂತ ಕೊನೆಗೆ ಉಣ್ಣುವುದು ರಕ್ತದಲ್ಲೇ ಇಳಿದಿರುತ್ತದೆ. ಅದು ಗೊತ್ತಿರಬೇಕಾದವನು ಜಿನೇಂದ್ರಣ್ಣ. ಅವನಿಗೇ ಹೊಳೆಯಲಿಲ್ಲ.

"ಊಟ ಮುಗ್ದೋಯ್ತು ಅಕ್ಕ. ಒಲೆ ಹಚ್ಚೋ ಹಾಗಿಲ್ಲ," ಎಂದು ಅವನು ಅಲ್ಲೇ ಕುಸಿದು ಕುಳಿತ.

"ಅಯ್ಯೋ, ನೀನು ಒತ್ತಿದ್ದಂಗೇ ಉಣ್ತೀಯ ಅಂತ ಗೊತ್ತು. ಮದ್ವೆಮನೇನೇ ಮುಚ್ಬುಡ್ತಾರೆ ಅಂತ ನಂಗೆಂಗೆ ಗೊತ್ತಾಯ್ತದೆ? ಓಗ್ಲಿ ಬುಡು. ನಿನ್ ಮುಖ ನೋಡ್ದಂಗಾಯ್ತು."

"ಹೋಟ್ಲಿಗಾದ್ರೂ ಹೋಗಣ ಬಾ."

ಅವಳು ಕದಲಲಿಲ್ಲ. ಬಲ್ಬಿನ ಬೆಳಕಿನಲ್ಲಿ ಅವನ ಮುಖವನ್ನೇ ದಿಟ್ಟಿಸಿದಳು.

"ನೀನು ಉಂಡ್ಯೇನ್ಲಾ?"

"ಊಂ, ಆಯ್ತು."

"ಸುಳ್ಳು ಬೊಗಳಬ್ಯಾಡ. ನಿನ್ ಹಸ್ದ ಮೊಕ ನಂಗೊತ್ತಿಲ್ವಾ?" ಎಂದವಳೇ ಅವನ ಹೆಗಲಿಗೆ ಪಟಪಟ ಹೊಡೆದಳು. "ಮುಂಡೇದೆ, ನಂಗೋಸ್ಕರ ಉಪಾಸ ಬಿದ್ದಿದ್ದೀಯಾ? ಆವತ್ತು ಅಷ್ಟೆಲ್ಲ ಬೈಸ್ಕಂಡು ನಿಂಗೆ ತಿನ್ಸಿದ್ದು ಇದಕ್ಕೇನ್ಲಾ?" ಹೊಡೆಯುತ್ತಲೇ ಅತ್ತಳು.

ಹೋಟೆಲಿಗೆ ಬರಲು ಒಪ್ಪಲೇ ಇಲ್ಲ. ಇವನು ಹಸಿದು ಎದುರಿಗೆ ಕೂತರೆ ತನಗೆ ತುತ್ತು ಇಳಿಯುವುದಿಲ್ಲ ಎಂದಳು. ನಾಳೆ ತಿಂಡಿಗೆ ಬಾ ಎಂದರೆ ಹಾಸ್ಟೆಲಿನ ಕೆಲಸಕ್ಕೆ ಹೋಗಬೇಕು ಎಂದಳು. ಫೋನ್ ನಂಬರ್ ಪಡೆದು ಆಟೋ ಹತ್ತಿಸಿದೆವು. ಊರಿಗೆಲ್ಲ ಹೊಟ್ಟೆ ಬಿರಿಯುವಷ್ಟು ಬಡಿಸಿದ ದಿನ ಅವರಿಬ್ಬರೂ ಬರೀ ಹೊಟ್ಟೆಯಲ್ಲಿ ಮಲಗಿದರು.

ಈಗ ಹಾಸನದ ಕೆಲಸ ಬಂದರೆ ಜಿನೇಂದ್ರಣ್ಣ ಕಣ್ಣು ಮುಚ್ಚಿ ಒಪ್ಪುತ್ತಾನೆ. ಹೊರಡುವ ಮುಂಚೆ ಹೊನ್ನಕ್ಕನಿಗೆ ಫೋನ್ ಮಾಡಿ, ಮುಂದಿನ ಬಾಗಿಲಲ್ಲೇ ಬಾ, ಗೇಟಿನಲ್ಲಿ ನಾನೇ ನಿಂತಿರುತ್ತೇನೆ, ಕನಕನ ಕೈಲಿ ಆಟೋ ಕಳಿಸುತ್ತೇನೆ ಎಂದು ಅಂಗಲಾಚುತ್ತಾನೆ. ಅವಳು ಒಂದು ಸಲ ಮಂಡಿನೋವು ಎಂದಳು, ಒಂದು ಸಲ ರಜವಿಲ್ಲ ಎಂದಳು. ಕಳೆದ ವಾರ ಆಟೋ ತೆಗೆದುಕೊಂಡು ನಾನೇ ಅವಳ ಮನೆಗೆ ಹೋದೆ. ಚೆನ್ನಾಗಿಯೇ ಓಡಾಡುತ್ತಿದ್ದಳು.

"ಯಾಕಜ್ಜಿ ಇಂಗ್ ಮಾಡ್ತೀಯ? ಆವಯ್ಯ ಎಲೆ ಹಾಕ್ಕಂಡು ನಿಂತವ್ನೆ," ಎಂದು ರೇಗಿಬಿಟ್ಟೆ.

"ನಾನ್ ಬತ್ತೀನಿ ಅಂದ್ರೆ ಅವ್ನು ಕಾಯ್ತಾನೆ ಕಣಪ್ಪ," ಎಂದಳು. "ಬಸ್ಸೋ ಆಟೋನೋ ತಡ ಆದ್ರೆ ಮತ್ತೆ ಉಪಾಸ. ನಾನು ಬರಾಕಿಲ್ಲ ಅನ್ನು, ಒತ್ತಿದ್ದಂಗೇ ಉಣ್ತಾನೆ."

ಖಾಲಿ ಆಟೋದಲ್ಲಿ ವಾಪಸ್ ಬಂದು ಅವಳು ಹೇಳಿದ್ದನ್ನು ಹಾಗೇ ಒಪ್ಪಿಸಿದೆ. ಗೇಟಿನಲ್ಲಿ ನಿಂತಿದ್ದ ಜಿನೇಂದ್ರಣ್ಣ ಒಳಗೆ ಹೋಗಿ, ಅವಳಿಗೆಂದು ಹಾಕಿದ್ದ ಎಲೆಯ ಮುಂದೆ ತಾನೇ ಕುಳಿತು, ಬಡಿಸೋ ಎಂದ. ಇನ್ನೂ ಬಿಸಿಲಿತ್ತು. ಕಣ್ಣೀರು ಒರೆಸಿಕೊಳ್ಳುತ್ತಾ ಎಲೆಯಲ್ಲಿ ಒಂದಗುಳೂ ಬಿಡದೆ ಉಂಡ.