ಮೂರನೆಯ ಹಾಡು
ಬಸವೇಶ್ವರನಗರದ ಆ ಮನೆಯಲ್ಲಿ ಬಾಡಿಗೆಗೆ ರೂಮು ಕೇಳಲು ನಾನು ಮೊದಲು ಹೋದದ್ದು ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಓನರ್ ವತ್ಸಲಾ ಮೇಡಂ ಬೆರಳೆತ್ತಿ ತಡೆದರು. ರೆಕಾರ್ಡಿನಲ್ಲಿ ಫ್ರೆಂಚ್ ಹೆಂಗಸೊಬ್ಬಳು ಹಾಡಿ ಮುಗಿಸುವವರೆಗೆ ನಾನು ಚಪ್ಪಲಿ ಬಿಟ್ಟು ಹೊಸಿಲಾಚೆ ನಿಂತೇ ಇದ್ದೆ. ರೂಮು ಸಿಕ್ಕಿತು. ಊರಲ್ಲಿ ಭಜನೆಯಷ್ಟೇ ಕೇಳಿ ಬೆಳೆದ ನನಗೆ ಆಮೇಲೆ ಪ್ರತಿ ಭಾನುವಾರ ಅಲ್ಲೇ ತಿಂಡಿ, ಅಲ್ಲೇ ಸಂಗೀತ. ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕಗಳಾದ, ನೂರೈವತ್ತು ವರ್ಷ ಹಿಂದಿನ ಆ ಫ್ರೆಂಚ್ ಒಪೆರಾಗಳಿಗೆ ಅವರು ತೊಡೆಯ ಮೇಲೆ ಆದಿತಾಳ ಹಾಕುತ್ತಿದ್ದರು. ತಾಳ ತಪ್ಪಿದರೆ ಬೈಯುತ್ತಿದ್ದುದು ಪ್ಯಾರಿಸ್ಸಿನವರನ್ನೇ. “ಇವ್ರಿಗೆ ಸಾಯೋಕ್ಕೂ ಅರ್ಧ ಗಂಟೆ ಹಾಡ್ಬೇಕು ಕಣಪ್ಪ, ನೀನು ಇನ್ನೊಂದು ಇಡ್ಲಿ ಹಾಕ್ಕೋ” ಎನ್ನುತ್ತಿದ್ದರು. ಒಂದು ರೆಕಾರ್ಡಿನ ಮೂರನೆಯ ಹಾಡು ಬಂದಾಗ ಮಾತ್ರ “ಗೀರು ಬಿದ್ದಿದೆ” ಎಂದು ಪ್ಲೇಯರಿನ ಮುಳ್ಳೆತ್ತಿ ಮುಂದಿನ ಹಾಡಿಗೆ ಇಡುತ್ತಿದ್ದರು. ಆಯುಧಪೂಜೆಗೆ ಅದನ್ನು ಒರೆಸುವಾಗ ನೋಡಿದೆ, ಗೀರೇ ಇರಲಿಲ್ಲ. ಕೇಳಿದ್ದಕ್ಕೆ, “ಕಾಲೇಜಿನ ಸ್ಟೇಜಲ್ಲಿ ಅದನ್ನ ನಾನು ಹಾಡ್ಬೇಕಿತ್ತು. ಆರು ತಿಂಗಳು ಕಲ್ತಿದ್ದೆ. ಗಂಡಿನ ಕಡೆಯವರು ಬೇಡ ಅಂದ್ರು” ಎಂದು ಹಳೆಯ ನೋಟ್‌ಬುಕ್ ತೆರೆದರು. ಫ್ರೆಂಚ್ ಪದಗಳೆಲ್ಲ ಕನ್ನಡ ಅಕ್ಷರದಲ್ಲಿದ್ದವು, ಉಸಿರೆಳೆಯುವ ಜಾಗಕ್ಕೆಲ್ಲ ಕುಂಕುಮದ ಚುಕ್ಕೆಯಿತ್ತು. “ಈಗ ಹಾಡಿ ಮೇಡಂ” ಎಂದೆ. “ಸುಮ್ನಿರೋ, ಚಟ್ನಿ ಬೇಕಾ?” ಎಂದರು. ಈಗಲೂ ಆ ಹಾಡು ಬಂದಾಗ ಅವರು ಮುಳ್ಳೆತ್ತುತ್ತಾರೆ, ಆದರೆ ಮುಂದಕ್ಕಿಡುವುದಿಲ್ಲ. ನೋಟ್‌ಬುಕ್ ಹಿಡಿದು ತಾವೇ ಹಾಡುತ್ತಾರೆ.