ಹುಳುಮನೆಯ ಬಾಗಿಲಲ್ಲಿ ಮೂವರು ಹಾಸ್ಯಗಾರರು

ಮನಸ್ಸು ಬಿಚ್ಚಿ ಮಾತಾಡುತ್ತೇನೆಂದು ಮೈಕಿನ ಮುಂದೆ ಕೂತವನು ಹೇಳುವಷ್ಟು ಸುಳ್ಳನ್ನು ಹೆಣ್ಣು ನೋಡಲು ಹೋದವನೂ ಹೇಳುವುದಿಲ್ಲ. ಇದು ನನ್ನ ಅನುಭವದ ಮಾತು. ಎರಡೂ ಕಡೆ ಕೂತಿದ್ದೇನೆ. ಒಂದು ಕಡೆ ಉಪ್ಪಿಟ್ಟಾದರೂ ಕೊಟ್ಟರು.

ನನ್ನದು ನಿಂತುಕೊಂಡು ನಗಿಸುವ ಕಸುಬು. ಸ್ಟ್ಯಾಂಡಪ್ ಎಂದರೆ ಈಗ ರಾಮನಗರದಲ್ಲೂ ಅರ್ಥವಾಗುತ್ತದೆ, ಅರ್ಥವಾದವರು ನಗಬೇಕೆಂದೇನೂ ಇಲ್ಲ. ಟೈರ್ ಅಂಗಡಿಯ ಮೇಲಿನ ಕೆಫೆಯಲ್ಲಿ, ಮಾಗಡಿಯ ಕಾಲೇಜು ವಾರ್ಷಿಕೋತ್ಸವದಲ್ಲಿ, ಬಿಡದಿಯ ಕಾರ್ಖಾನೆಯವರ ಕುಟುಂಬ ಮಿಲನದಲ್ಲಿ ನಿಂತಿದ್ದೇನೆ. ಚನ್ನಪಟ್ಟಣದ ಒಂದು ಕಲ್ಯಾಣ ಮಂಟಪದಲ್ಲಂತೂ ಊಟದ ಪಂಕ್ತಿ ಏಳುವವರೆಗೆ ಮುಂದಿನ ಪಂಕ್ತಿಯವರನ್ನು ನಗಿಸುವ ಹೊಣೆ ನನ್ನದಾಗಿತ್ತು. ಹಸಿದವನ ಮುಂದೆ ನಿಂತು ಜೋಕು ಹೇಳಿ ನೋಡಿ, ಅವನ ಕಣ್ಣು ನಿಮ್ಮ ಮೇಲಿರುವುದಿಲ್ಲ. ನಿಮ್ಮ ಹಿಂದೆ ಎಲೆ ಎತ್ತುತ್ತಿರುವವರ ಮೇಲಿರುತ್ತದೆ.

ನಮ್ಮ ಹಳೆಯ ಲಾಕ್ಷಣಿಕರು ನಗುವಿನಲ್ಲಿ ಆರು ಬಗೆ ಮಾಡಿದ್ದಾರೆ. ಹಲ್ಲು ಕಾಣದ ಮುಗುಳ್ನಗೆಯಿಂದ ಶುರುವಾಗಿ, ಕಣ್ಣಲ್ಲಿ ನೀರು ಸುರಿಸಿ ಪಕ್ಕೆ ಹಿಡಿದುಕೊಳ್ಳುವ ನಗುವಿನವರೆಗೆ. ಮೊದಲಿನೆರಡು ಉತ್ತಮರಿಗೆ, ನಡುವಿನೆರಡು ಮಧ್ಯಮರಿಗೆ, ಕೊನೆಯವು ಅಧಮರಿಗೆ. ನಮ್ಮ ಕಸುಬಿನ ಕಷ್ಟವೆಲ್ಲ ಇಲ್ಲಿದೆ: ಎದುರಿಗೆ ಕೂತವರು ಉತ್ತಮರಾಗಿಯೇ ಇರುತ್ತಾರೆ, ನಮಗೆ ಅಧಮರು ಬೇಕು.

ಈಗೀಗ ಜನಕ್ಕೆ ಜೋಕಿಗಿಂತ ಜೋಕು ಹೇಳುವವನ ಅಧೋಗತಿ ಹೆಚ್ಚು ರುಚಿಸುತ್ತದೆ. ಹಾಸ್ಯಗಾರ ಬೇಗ ಮಲಗಿ ಬೇಗ ಏಳುತ್ತಾನೆ, ಸೊಪ್ಪು ತಿನ್ನುತ್ತಾನೆ ಎಂದರೆ ಯಾರೂ ಕೇಳುವುದಿಲ್ಲ. ಅವನು ವೇದಿಕೆಯ ಹಿಂದೆ ನಡುಗುತ್ತಾನೆ, ಏನನ್ನೋ ಸೇದುತ್ತಾನೆ, ಲಾಡ್ಜಿನ ಗೋಡೆಯನ್ನು ಮಾತಾಡಿಸುತ್ತಾನೆ ಎಂದರೆ ಕಿವಿ ನೆಟ್ಟಗಾಗುತ್ತವೆ. ಅದಕ್ಕೇ ನಾವು ಮೂವರು ಸೇರಿ ಒಂದು ಪಾಡ್‌ಕಾಸ್ಟ್ ಮಾಡಲು ಹೊರಟೆವು. ವಿಷಯ: ನಮ್ಮ ನಮ್ಮ ಚಟಗಳು.

ಮೂವರಲ್ಲಿ ಒಬ್ಬ ನಾನು. ಎರಡನೆಯವನು ಕನಕಪುರದ ಲೋಕೇಶ, ಮಕ್ಕಳು ಮುದುಕರೆಲ್ಲ ಕೂತು ಕೇಳಬಹುದಾದ ಶುದ್ಧ ಹಾಸ್ಯದವನು. ಗಣೇಶನ ಪೆಂಡಾಲುಗಳಲ್ಲಿ ಅವನಿಗೆ ಗಣೇಶನಷ್ಟೇ ಮರ್ಯಾದೆ. ಮೂರನೆಯವನು ಕೈಲಾಂಚದ ಸಿದ್ದರಾಜು. ಸಿದ್ದು ಹೆಸರು ಮಾಡಿದ್ದೇ ಗಾಂಜಾ ಕಥೆಗಳಿಂದ. ಹೊಗೆ ಎಳೆದು ರಾಮನಗರದ ಬಂಡೆಯೊಂದಕ್ಕೆ ‘ಒಸಿ ಸರ್ಕೊಳಣ್ಣ’ ಅಂದೆ ಎಂದು ಅವನು ಹೇಳುವಾಗ ಉತ್ತಮರೂ ಅಧಮರಾಗಿ ಉರುಳಾಡುತ್ತಿದ್ದರು.

ರೆಕಾರ್ಡಿಂಗಿಗೆ ಸಿದ್ದು ತನ್ನ ಮನೆಗೇ ಕರೆದ. ಬೆಳಗಿನ ಹೊತ್ತು, ಮನೆ ಮುಂದೆ ಹೊಂಗೆಮರ, ಮರದ ಕೆಳಗೆ ಮೂರು ಪ್ಲಾಸ್ಟಿಕ್ ಕುರ್ಚಿ. ಎದುರಿಗೆ ಅವರ ಹುಳುಮನೆ, ಅಂದರೆ ರೇಷ್ಮೆಹುಳು ಸಾಕುವ ಉದ್ದನೆಯ ಶೆಡ್ಡು. ಕಿಟಕಿಗಳಿಗೆ ಬಲೆ, ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿ.

ಮೈಕು ಆನ್ ಮಾಡುವ ಮುಂಚೆ ಸಿದ್ದು ತಲೆ ತಗ್ಗಿಸಿ ಒಂದು ಮಾತು ಹೇಳಿದ. “ಬುಟ್ಬುಟ್ಟಿವ್ನಿ ಕಣಣ್ಣ. ಗಾಂಜಾನೂ ಇಲ್ಲ, ಸಿಗರೇಟೂ ಇಲ್ಲ. ಯುಗಾದಿಯಿಂದ.”

“ಯಾಕ್ಲಾ?” ಎಂದ ಲೋಕೇಶ, ಯಾರೋ ಹೋಗಿಬಿಟ್ಟರೆಂಬ ದನಿಯಲ್ಲಿ.

“ಅವ್ವ ಹುಳುಮನೆಗೆ ಸೇರುಸ್ತಿಲ್ಲ ಕಣ್ಲಾ. ಎಷ್ಟು ಬೆಳೆ ಆಯ್ತು ನಾನು ಆ ಹೊಸ್ತಿಲು ದಾಟಿ. ಕೂಲಿಯವ್ರು ಹೋಯ್ತಾರೆ, ಪಕ್ಕದ ಮನೆಯೋರು ಹೋಯ್ತಾರೆ, ನಾನು ಕರು ಕಟ್ಟಾಕ್ದಂಗೆ ಆಚೆ. ಇವತ್ತು ಒಳಿಕ್ ಬುಟ್ರೆ ಸಾಕು.”

ರೇಷ್ಮೆ ಬೆಳೆಯದವರಿಗೆ ಇದು ಅವ್ವನ ಹಟದಂತೆ ಕಾಣಬಹುದು. ಅಲ್ಲ. ರೇಷ್ಮೆಹುಳಕ್ಕೆ ಹೊಗೆಸೊಪ್ಪು ವಿಷ. ಬೀಡಿ ಹಿಡಿದ ಬೆರಳು ಮುಟ್ಟಿದ ಹಿಪ್ಪುನೇರಳೆ ಸೊಪ್ಪು ತಿಂದರೂ ಹುಳ ತಲೆ ಎತ್ತಿ ಆಡಿಸಿ, ಹಸಿರು ಕಕ್ಕಿ, ಸುರುಟಿಕೊಳ್ಳುತ್ತದೆ. ಗಾಂಜಾ ಸೇದುವವರು ಅದನ್ನು ಸಿಗರೇಟಿನ ಪುಡಿಗೇ ಬೆರೆಸುವುದರಿಂದ ಹುಳುಮನೆಯ ಕಾನೂನಿನಲ್ಲಿ ಎಲ್ಲರೂ ಒಂದೇ ಜಾತಿ. ಸಿದ್ದುವಿನ ಅವ್ವ ಕೆಂಪಮ್ಮನವರು ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳುತ್ತಾರಂತೆ: “ಕುಡುದ್ರೆ ನಿನ್ ಹೊಟ್ಟೆ ಕೆಡ್ತದೆ, ಸೇದುದ್ರೆ ನನ್ ಬೆಳೆ ಕೆಡ್ತದೆ.” ಮದ್ಯ ಮಾದಕಗಳ ಬಗ್ಗೆ ಇಷ್ಟು ಸ್ಪಷ್ಟವಾದ ನೀತಿಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಸಿದ್ದುವಿಗೆ ಇನ್ನೊಂದು ಭಯವೂ ಇತ್ತು. ಹೊಗೆ ಬಿಟ್ಟ ಮೇಲೆ ಬಂಡೆ ಬರೀ ಬಂಡೆಯಾಗಿಬಿಟ್ಟಿದೆ, ಇನ್ನು ನಾನು ಯಾರನ್ನಾದರೂ ನಗಿಸಬಲ್ಲೆನೇ ಎಂದು. ನಾವು ಧೈರ್ಯ ಹೇಳಬೇಕಿತ್ತು. ಹೇಳಿದೆವೆಂದು ನನ್ನ ನೆನಪು. ರೆಕಾರ್ಡಿಂಗ್ ಕೇಳಿದರೆ ಆ ಜಾಗದಲ್ಲಿ ನಾನು ಕೆಮ್ಮಿದ್ದು ಮತ್ತು ಲೋಕೇಶ ‘ಬ್ಯಾಟ್ರಿ ಐತಾ ನೋಡು’ ಎಂದದ್ದು ಮಾತ್ರ ಇದೆ. ನೆನಪು ಎಂಬುದು ಹೀಗೆ, ನಮಗಿಂತ ಒಳ್ಳೆಯವರನ್ನು ನಮ್ಮ ಕುರ್ಚಿಯಲ್ಲಿ ಕೂರಿಸಿಬಿಡುತ್ತದೆ.

ಮಾತು ಶುರುವಾಯಿತು. ನಾನು ಸಿಗರೇಟು ಬಿಟ್ಟು ಮಹಾತ್ಮನಾದ ಕಥೆ ಹೇಳಿದೆ. ಲೋಕೇಶ, “ನನಗೆ ಕಾಫಿ ಒಂದೇ ಚಟ” ಎಂದು ಹಲ್ಲು ಬಿಡದೆ ನಕ್ಕ. ಅವನು ಯಾಕೆ ಹಲ್ಲು ಬಿಡುವುದಿಲ್ಲ ಎಂದು ನಾನು ಅವತ್ತಿನವರೆಗೂ ಯೋಚಿಸಿರಲಿಲ್ಲ. ಆಮೇಲೆ ಸಿದ್ದುವಿನ ಸರದಿ.

ಕೆಂಪು ದೀಪ ಉರಿಯುತ್ತಿದ್ದ ಮೈಕು ಅವನ ಕಡೆ ತಿರುಗಿತು. ಅವನ ಬೆನ್ನು ನೆಟ್ಟಗಾಯಿತು, ಕಣ್ಣಿಗೆ ವೇದಿಕೆಯ ಹೊಳಪು ಬಂತು. “ಗಾಂಜಾ ಬುಡೋದಾ? ಲೇ, ಅದು ನನ್ನ ಬುಡ್ಬೇಕು ಕಣ್ಲಾ! ಈಗ ಬೆಳಿಗ್ಗೆನೂ ಹಸಿನ ಹತ್ರ ನಿಂತ್ಕಂಡು ಒಂದು ದಮ್ಮು ಎಳ್ದೇ ಬಂದಿವ್ನಿ. ಹಸುನೇ ‘ಸಾಕು ಬುಡ್ಲಾ’ ಅಂತು!”

ನಾವು ನಕ್ಕೆವು. ಕಸುಬು, ನಗಲೇಬೇಕು. ನಗು ಮುಗಿದಾಗ ನೋಡುತ್ತೇವೆ, ಹುಳುಮನೆಯ ಬಾಗಿಲಲ್ಲಿ ಕೆಂಪಮ್ಮನವರು ನಿಂತಿದ್ದಾರೆ. ನನ್ನ ನೆನಪಿನಲ್ಲಿ ಅವರ ಕೈಯಲ್ಲಿ ಕುಡುಗೋಲಿದೆ. ಲೋಕೇಶ ಪೊರಕೆ ಎನ್ನುತ್ತಾನೆ. ಪೊರಕೆಯೇ ಇರಬೇಕು, ಕುಡುಗೋಲು ನನ್ನ ಹೆದರಿಕೆ ತಂದದ್ದು.

“ಸೇದಕಿಲ್ಲ ಅಂತ ನನ್ ತಲೆ ಮುಟ್ಟಿ ಹೇಳುದ್ಯಲ್ಲೋ,” ಎಂದರು.

“ಅವ್ವ, ಅದು ಕಾಮಿಡಿ ಕಣವ್ವ!”

“ಕಾಮಿಡಿ ಅಂದ್ರೆ ಸುಳ್ಳಾ?”

ನಾನು ಮೈಕಿನ ವೈರು ನೋಡಿದೆ, ಲೋಕೇಶ ಹೊಂಗೆಮರ ನೋಡಿದ. ಹೌದೆಂದರೆ ಕಸುಬು ಹೋಯಿತು, ಅಲ್ಲವೆಂದರೆ ಸಿದ್ದು ಹೋದ.

“ಅಂಗಾರೆ ನನ್ ತಾವ ಹೇಳಿದ್ದು ಕಾಮಿಡಿಯೋ, ಆ ಕೋಲಿನ ತಾವ ಹೇಳಿದ್ದು ಕಾಮಿಡಿಯೋ?” ಎಂದು ಮೈಕಿನ ಕಡೆ ಗದ್ದ ಎತ್ತಿದರು.

“ಕೋಲಿನ ತಾವ ಹೇಳಿದ್ದು ಕಣವ್ವ. ನಿನ್ನಾಣೆ.”

ಅವರು ಮಗನನ್ನು ಮೇಲಿಂದ ಕೆಳಗೆ ನೋಡಿದರು. “ಒಳ್ಗೆ ಕೈ ಸಾಲ್ತಿಲ್ಲ. ಬನ್ರಪ್ಪ ಮೂವರೂ, ಬಾಯಿ ತೆಗೀರಿ,” ಎಂದರು.

ಸಂದರ್ಶಕರು ಬಹಳ ಜನ ನನ್ನನ್ನು ಕೆದಕಿದ್ದಾರೆ. ಆದರೆ ಸೊಪ್ಪಿನ ಪರಿಮಳ ಬಿಟ್ಟು ಬೇರೇನೂ ತಾಗದ ಆ ಮೂಗಿನ ಮುಂದೆ ನಿಲ್ಲುವಾಗ ಆದ ನಡುಕ ಯಾವ ವೇದಿಕೆಯ ಹಿಂದೂ ಆಗಿಲ್ಲ. ಮೊದಲು ನಾನು. “ಬಾಯಲ್ಲೇನಪ್ಪ?”

“ಗಮ್ಮು, ಅಮ್ಮ. ಸಿಗರೇಟು ಬಿಡಿಸುವ ಗಮ್ಮು.” ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆ.

“ಅದ್ರೊಳಗೇನೈತೆ?”

ನಾನು ಓದಿದವನು, ಅದೇ ಕೆಲಸ ಕೆಡಿಸಿತು. “ನಿಕೋಟಿನ್. ಅಂದರೆ... ಹೊಗೆಸೊಪ್ಪಿನ ಸತ್ವ.”

“ಸತ್ವನೇ ತಿಂತೀಯಾ! ನಡಿಯಪ್ಪ ಆಚೆ.”

ಆಮೇಲೆ ಲೋಕೇಶ. ಅವನು ಬಾಯಿ ತೆಗೆಯುವ ಮೊದಲೇ ಕೆಂಪಮ್ಮ ಎರಡು ಹೆಜ್ಜೆ ಹಿಂದೆ ಸರಿದರು. “ಕಡ್ಡಿಪುಡಿ,” ಎಂದರು. ಕುಟುಂಬ ಸಮೇತ ನೋಡಬಹುದಾದ ಲೋಕೇಶ, ಪೆಂಡಾಲುಗಳ ಮುದ್ದಿನ ಲೋಕೇಶ, ಕೆಳತುಟಿಯ ಹಿಂದಿನಿಂದ ಹೊಗೆಸೊಪ್ಪಿನ ಉಂಡೆಯನ್ನು ಬೆರಳಲ್ಲಿ ತೆಗೆದು, ಎಲ್ಲಿ ಹಾಕಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

“ಇಲ್ಲೆಲ್ಲೂ ಎಸೀಬ್ಯಾಡ! ರೋಡಾಚಿಕ್ ಹೋಗು!”

ಅವನು ಓಡಿದ. ಗಂಟೆಗಟ್ಟಲೆ ಮನಸ್ಸು ಬಿಚ್ಚಿದರೂ ಮೈಕಿಗೆ ಸಿಗದ ಸತ್ಯ ಅದು.

ಸಿದ್ದುವಿನ ಬಾಯಿ, ಬೆರಳು, ಅಂಗಿ, ಕೂದಲು ಎಲ್ಲವನ್ನೂ ಅವರು ಮೂಸಿದರು. ಏನೂ ಸಿಗಲಿಲ್ಲ. ಆದರೂ ತೃಪ್ತಿಯಾಗಲಿಲ್ಲ, ಆಗಷ್ಟೇ ಮಗ ಅಷ್ಟು ಚೆನ್ನಾಗಿ ಸುಳ್ಳು ಹೇಳುವುದನ್ನು ಕಣ್ಣಾರೆ ಕಂಡಿದ್ದರಲ್ಲ. ಸೊಪ್ಪಿಗೆ ಔಷಧಿ ಬಿದ್ದಿದೆಯೋ ಎಂಬ ಅನುಮಾನ ಬಂದಾಗ ರೇಷ್ಮೆಯವರು ಒಂದು ಕೆಲಸ ಮಾಡುತ್ತಾರೆ: ನಾಲ್ಕಾರು ಹುಳಕ್ಕೆ ಮಾತ್ರ ಆ ಸೊಪ್ಪು ಹಾಕಿ ಕಾದು ನೋಡುತ್ತಾರೆ. ಕೆಂಪಮ್ಮನವರು ಅದನ್ನೇ ಮಗನಿಗೆ ಮಾಡಿದರು. ಅವಸರದಲ್ಲಿ ಕೈಗೆ ಸಿಕ್ಕ ಕೆಲವು ಹುಳವನ್ನು ಒಂದು ಮೊರದಲ್ಲಿ ತಂದು ಜಗಲಿಯ ಮೇಲಿಟ್ಟು, ಸೊಪ್ಪು ಅವನ ಕೈಗೆ ಕೊಟ್ಟು, “ಚೆನ್ನಾಗ್ ಉಜ್ಜು. ಹಾಕು. ಕೂತ್ಕ,” ಎಂದು ಒಳಗೆ ಹೋದರು.

ಸಿದ್ದು ಅಂಗೈಯಲ್ಲಿ ಸೊಪ್ಪು ಉಜ್ಜಿ ಹಾಕಿ ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತ. ಅಂಥ ಪ್ರೇಕ್ಷಕರನ್ನು ನಾನು ಬಲ್ಲೆ. ತಣ್ಣಗೆ, ತಲೆ ತಗ್ಗಿಸಿ, ನಿಮ್ಮನ್ನು ನೋಡದೆ ಇರುವವರು. ಹುಳಗಳು ಸೊಪ್ಪಿನ ಮೇಲೆ ಹತ್ತಿದವು. ತಿನ್ನಲಿಲ್ಲ. ಅತ್ತಿತ್ತ ಹರಿದವು. ಆಮೇಲೆ ಒಂದು ತಲೆ ಎತ್ತಿತು. ಎತ್ತಿ ಆಡಿಸಿತು. ಅದರ ಪಕ್ಕದ್ದೂ ಎತ್ತಿತು.

ಸಿದ್ದು ಮೊರ ಬಿಟ್ಟು ಹಿಂದಕ್ಕೆ ಹಾರಿದ. “ಅವ್ವಾ!” ಎಂದು ಕೂಗಿದ. “ಅವ್ವಾ, ತಲೆ ಆಡುಸ್ತಾವೆ! ನಾನ್ ಸೇದಿಲ್ಲ ಕಣವ್ವ, ಯುಗಾದಿಯಿಂದ ಸೇದಿಲ್ಲ! ರಕ್ತದಲ್ಲೇ ಉಳ್ಕಂಡೈತೇನೋ... ಒಳಗಿರೋವನ್ನ ನಾನ್ ಮುಟ್ಟಕಿಲ್ಲ, ಬುಡವ್ವ, ಆಚೆನೇ ಇರ್ತೀನಿ!”

ಅದು ನಟನೆಯಲ್ಲ. ನಟನೆ ನಮಗೆ ಗೊತ್ತಾಗುತ್ತದೆ, ಅದರಲ್ಲಿ ಉಸಿರು ಸರಿಯಾದ ಜಾಗಕ್ಕೆ ಬೀಳುತ್ತದೆ. ಇವನ ಉಸಿರು ಎಲ್ಲೆಲ್ಲೋ ಬೀಳುತ್ತಿತ್ತು.

ಕೆಂಪಮ್ಮ ಓಡಿ ಬಂದರು. ಒಂದು ಹುಳವನ್ನು ಎತ್ತಿ ಬೆಳಕಿಗೆ ಹಿಡಿದರು. ನಾವೂ ದೂರದಿಂದ ಕತ್ತು ಚಾಚಿದೆವು. ಹುಳದ ಮೈ ಬೆಳ್ಳಗಿರಲಿಲ್ಲ, ದ್ರಾಕ್ಷಿಯ ಹಾಗೆ ಅರೆಪಾರದರ್ಶಕ, ಜೇನಿನ ಬಣ್ಣ. ಅವರು ಹುಳವನ್ನೂ ಮಗನನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರು.

“ಥೂ ನಿನ್ನ! ಹಣ್ಣಾಗವೆ ಕಣ್ಲಾ! ಗೂಡು ಕಟ್ಟಕ್ಕೆ ಜಾಗ ಹುಡುಕ್ತಾವೆ! ಹುಳ ಸಾಕೋರ ಹೊಟ್ಟೆಲಿ ಹುಟ್ಟಿ ಹಣ್ಣು ಹುಳ ಮರ್ತೋಯ್ತಾ?”

ವಿಷ ತಿಂದರೂ ತಲೆ ಆಡಿಸುವುದು, ಪಕ್ವವಾದರೂ ತಲೆ ಆಡಿಸುವುದು. ಬಾಗಿಲಾಚೆ ಬಹುಕಾಲ ನಿಂತವನಿಗೆ ಎರಡಕ್ಕೂ ವ್ಯತ್ಯಾಸ ಕಾಣದೆ ಹೋಗುತ್ತದೆ.

ಹುಳ ಹಣ್ಣಾದರೆ ಕಾಯುವುದಿಲ್ಲ. ಆ ಕ್ಷಣಕ್ಕೇ ಆರಿಸಿ, ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ತಡವಾದರೆ ಸಿಕ್ಕಸಿಕ್ಕಲ್ಲಿ ಕಟ್ಟಿ ಹಾಳು. ಕೆಂಪಮ್ಮನವರು ಪರೀಕ್ಷೆಯ ಫಲಿತಾಂಶ ಹೇಳಲಿಲ್ಲ, ಅದಕ್ಕೆ ಹೊತ್ತಿರಲಿಲ್ಲ. “ಕೈಕಾಲ್ ತೊಳ್ಕ, ಬಾ ಬಿರ್ರನೆ!” ಎಂದರು. ಸಿದ್ದು ತೊಳೆದ, ಬ್ಲೀಚಿಂಗ್ ಪುಡಿ ತುಳಿದ. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ನಮ್ಮ ಕಡೆ ತಿರುಗಿ ಏನೋ ದೊಡ್ಡ ಮಾತು ಹೇಳಿದನೆಂದು ಬರೆಯಬಹುದು. ಬರೆಯುವುದಿಲ್ಲ. ಅವನ ಬೆನ್ನು ಮಾತ್ರ ಕಂಡಿತು, ಅದೂ ಓಡುತ್ತಿತ್ತು.

ಲೋಕೇಶ ಬಾಯಿ ತೊಳೆದು ಬಂದ. ಇಬ್ಬರೂ ಕಿಟಕಿಯ ಬಲೆಗೆ ಮುಖ ಹಚ್ಚಲು ಹೋದೆವು. “ಏಯ್! ಗಾಳಿ ಬರೋ ಕಡೆ ನಿಂತ್ಕಬ್ಯಾಡ್ರಪ್ಪ!” ಎಂದು ಒಳಗಿನಿಂದ ಗದರಿದರು. ನಾವು ಕೊಟ್ಟಿಗೆಯ ಕಡೆ ಸರಿದೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಗು ಬಂತು. ಕೆಂಪಮ್ಮನವರದು. ಮೊದಲು ತಡೆದದ್ದು, ಆಮೇಲೆ ತಡೆಯಲಾರದ್ದು. ಕೂಲಿ ಹೆಂಗಸರೂ ಸೇರಿಕೊಂಡರು.

ಏನು ಹೇಳಿದೆ ಎಂದು ಆಮೇಲೆ ಕೇಳಿದಾಗ ಸಿದ್ದು, “ಏನೂ ಹೇಳ್ನಿಲ್ಲ ಕಣಣ್ಣ. ಒಂದು ಹುಳ ನನ್ ಗಡ್ಡಕ್ಕೇ ನೂಲು ಕಟ್ಟಕ್ ಶುರು ಮಾಡ್ತು,” ಎಂದ. ಕಥೆ ಎಷ್ಟು ಚೆನ್ನಾಗಿದೆಯೆಂದರೆ ನನಗೆ ನಂಬಿಕೆಯಿಲ್ಲ. ಕೂಲಿ ಹೆಂಗಸೊಬ್ಬಳು, ಅವನು ಸೊಪ್ಪಿನ ಮೇಲೆ ಜಾರಿ ಬಿದ್ದನೆಂದಳು. ಕೆಂಪಮ್ಮನವರು ತಾವು ನಗಲೇ ಇಲ್ಲ, ಬಯ್ದೆ ಎನ್ನುತ್ತಾರೆ.

ಆದರೆ ಆ ಹೊತ್ತಿಗೆ ನಮಗೆ ಇದ್ಯಾವುದೂ ತಿಳಿದಿರಲಿಲ್ಲ. ನಗು ಇನ್ನೊಂದು ಅಲೆ ಎದ್ದು ಬಂತು. ಜೋಕು ಏನೆಂದು ಗೊತ್ತಿಲ್ಲದ, ಹೇಳಿದವರು ಯಾರೆಂದು ಗೊತ್ತಿಲ್ಲದ, ಒಳಗೆ ಹೋಗಲು ಅರ್ಹತೆಯಿಲ್ಲದ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊಟ್ಟಿಗೆಯ ಗೂಟ ಹಿಡಿದುಕೊಂಡು, ಬಿದ್ದು ಬಿದ್ದು ನಕ್ಕೆವು.