ಹೊಸ ಬಟ್ಟೆಯನ್ನು ಹಳೆಯದು ಮಾಡುವ ಅಕ್ಕ

ಬೆಳಗಿನ ಐದೂವರೆ. ಧಾರಾವಾಹಿಯ ಚಿತ್ರೀಕರಣ ನಡೆಯುವ ಬಂಗಲೆಯ ಹಿಂಭಾಗದಲ್ಲಿ, ನಲ್ಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ ಹೆಂಗಸೊಬ್ಬರು ನಿನ್ನೆ ತಾನೇ ಅಂಗಡಿಯಿಂದ ಬಂದ ನೀಲಿ ಅಂಗಿಯನ್ನು ಸ್ಯಾಂಡ್‌ಪೇಪರ್ ಹಿಡಿದು ಉಜ್ಜುತ್ತಿದ್ದಾರೆ. ಹತ್ತು ಗಂಟೆಯೊಳಗೆ ಅದು ಎಂಟು ವರ್ಷ ಕಾರು ಓಡಿಸಿದವನ ಅಂಗಿಯಾಗಬೇಕು. ಹಾಗಂತ ಸಿಕ್ಕಸಿಕ್ಕಲ್ಲಿ ಉಜ್ಜುವಂತಿಲ್ಲ. ಸೀಟಿಗೆ ಒರಗುವ ಬೆನ್ನು, ಬೆಲ್ಟು ತಾಗುವ ಹೆಗಲು, ಆಮೇಲೆ ಒಂದೇ ಒಂದು ತೋಳು. ಒಂದೇ ಯಾಕೆ ಎಂದು ಕೇಳಿದ್ದಕ್ಕೆ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ: "ಬಿಸಿಲು ಕಿಟಕಿ ಕಡೆಯಿಂದ ತಾನೇ ಬರೋದು?" ಹದಿನೈದು ವರ್ಷದಿಂದ ಧಾರಾವಾಹಿಗಳ ಬಗ್ಗೆ ಬರೆಯುತ್ತಿರುವ ನನಗೆ ಇದು ಹೊಳೆದೇ ಇರಲಿಲ್ಲ.

ಸೆಟ್ಟಿನಲ್ಲಿ ಎಲ್ಲರಿಗೂ ಇವರು 'ಬಟ್ಟೆ ಅಕ್ಕ'. ದಿನಕ್ಕೆ ಮೂವತ್ತು ಚಿಲ್ಲರೆ ಉಡುಪು, ಆರು ಬಕೆಟ್, ಎರಡು ಇಸ್ತ್ರಿಪೆಟ್ಟಿಗೆ. ಒಂಬತ್ತು ವರ್ಷದಲ್ಲಿ ಐದು ಧಾರಾವಾಹಿ, ಹತ್ತಿರ ಹತ್ತಿರ ಎರಡು ಸಾವಿರ ಕಂತು. ಕೊನೆಯಲ್ಲಿ ಸರಸರನೆ ಓಡುವ ಹೆಸರುಗಳಲ್ಲಿ ಮಾತ್ರ ಇವರು 'ಮತ್ತು ಇತರರು'. ಬ್ಲೀಚಿಂಗ್ ನೀರಿಗೆ ಬೆರಳ ಸಂದು ಬಿರುಕು ಬಿಟ್ಟಿವೆ. ನಿಂತೂ ನಿಂತೂ ಕಾಲು ಊದಿಕೊಳ್ಳುತ್ತವೆ. ಅದನ್ನು ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತಾರೆ.

ಇದಕ್ಕೂ ಮುಂಚೆ ಹನ್ನೊಂದು ವರ್ಷ ಅವರಿವರ ಮನೆ ನೆಲ ಒರೆಸಿದವರು. ಗಂಡ ತೀರಿಕೊಂಡಾಗ ಮಗಳಿಗೆ ಮೂರು ವರ್ಷ. ಅವಳಿಗೆ ಹತ್ತಾದಾಗ, ಹೊಟ್ಟೆಪಾಡಿಗೆ ಸೆಟ್ಟಿನಲ್ಲಿ ಕಸ ಗುಡಿಸಲೆಂದೇ ಬಂದಿದ್ದರು. ಒಂದು ದಿನ ಮನೆಗೆಲಸದವಳ ಪಾತ್ರ ಮಾಡುವ ನಟಿ ಎದೆ, ಬೆನ್ನು, ಕೆನ್ನೆಗೆಲ್ಲ ಮಸಿ ಬಳಿಸಿಕೊಂಡು ಬಂದಳು. ಇವರಿಗೆ ನಗು ತಡೆಯಲಾಗಲಿಲ್ಲ. ವಸ್ತ್ರವಿಭಾಗದ ಮಾಸ್ಟರ್ ಗದರಿದಾಗ, ನೆಲ ಒರೆಸುವವಳ ಎದೆ ಮೇಲೆ ಮಸಿ ಯಾಕೆ ಬರುತ್ತದೆ, ಮೊಣಕಾಲಲ್ಲವೇ ಸವೆಯಬೇಕಾದದ್ದು ಎಂದುಬಿಟ್ಟರು. ಮಾರನೆಯ ದಿನ ಮಾಸ್ಟರ್ ಇವರ ಕೈಗೆ ಪೊರಕೆ ಕೊಡಲಿಲ್ಲ, ಮೊಣಕಾಲು ಸವೆಸಲು ಒಂದು ಹೊಸ ಪೈಜಾಮ ಕೊಟ್ಟರು.

ಧಾರಾವಾಹಿಗೆ ಅದರದೇ ಒಂದು ಭಾಷೆಯಿದೆ. ಸಾಹುಕಾರ ಬಂದರೆ ಕ್ಯಾಮೆರಾ ಕೆಳಗಿನಿಂದ ನೋಡುತ್ತದೆ, ಮುಖದ ತುಂಬ ಬೆಳಕು. ಕೆಲಸದವಳು ಬಂದರೆ ಮೇಲಿನಿಂದ ನೋಡುತ್ತದೆ, ಅರೆಬರೆ ಬೆಳಕು, ಹಿಂದೆ ಟೊಂಯ್ ಟೊಂಯ್ ಎನ್ನುವ ನಗೆ ಸಂಗೀತ. ಒಂದು ಮಾತೂ ಆಡದೆ ಯಾರು ಮೇಲು, ಯಾರು ಕೀಳು ಎಂದು ಹೇಳಿ ಮುಗಿಸಿರುತ್ತದೆ. ನಾವೂ ಹೌದಪ್ಪ ಎಂದು ನಂಬಿರುತ್ತೇವೆ. ಈ ಸಾಲಿನಲ್ಲಿ ನಾನೂ ಇದ್ದೇನೆ, ನನಗೆ ನಾಚಿಕೆಯಿದೆ.

ಹೋದ ತಿಂಗಳು ಅಕ್ಕ ಈ ಭಾಷೆಗೇ ಅಡ್ಡ ನಿಂತರು. ಕಥೆಯಲ್ಲಿ ಕೆಲಸದವಳು ಮಗಳ ಟೀಚರನ್ನು ಕಾಣಲು ಶಾಲೆಗೆ ಹೋಗುತ್ತಾಳೆ. ಬಟ್ಟೆಗೆ ಕೊಳೆ ಹಚ್ಚಿ ಎಂದು ನಿರ್ದೇಶಕರ ಅಪ್ಪಣೆ. ಅಕ್ಕ ಒಗೆದು ಗರಿಗರಿಯಾಗಿ ಇಸ್ತ್ರಿ ಮಾಡಿ ತಂದರು. ಇಷ್ಟು ನೀಟಾಗಿದ್ದರೆ ಬಡವಳು ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು ಎಂದು ನಿರ್ದೇಶಕರು ರೇಗಿದರು.

"ಮಗಳ ಶಾಲೆಗೆ ಹೋಗೋವಾಗ ಇರೋದ್ರಲ್ಲೇ ಒಳ್ಳೇದು ಹಾಕ್ಕೊಂಡು ಹೋಗ್ತೀವಿ ಸರ್," ಎಂದರು ಅಕ್ಕ. "ಬಡತನ ಬೇಕು ಅಂದ್ರೆ ಮಗು ಯೂನಿಫಾರಂ ನೋಡಿ. ಅಂಚು ಬಿಚ್ಚಿ ಉದ್ದ ಮಾಡಿದೀನಿ."

ನಿಜ. ಮಗುವಿನ ಲಂಗದ ತುಂಬ ಮಾಸಿದ ಬಣ್ಣ. ಮಡಿಕೆ ಬಿಚ್ಚಿದ ಜಾಗದಲ್ಲಿ ಮಾತ್ರ ಎರಡು ಬೆರಳಗಲದ ಹೊಸ ಬಣ್ಣ. ತಾಯಂದಿರಿಗೆ ಬೇರೆ ವಿವರಣೆ ಬೇಕಿಲ್ಲ.

ನಿರ್ದೇಶಕರಿಗೆ ಬೇಕಿತ್ತು. ನಾಳೆಯಿಂದ ಬರಬೇಡ ಎಂದರು. ಅಕ್ಕ ಬ್ಯಾಗ್ ಹೆಗಲಿಗೇರಿಸಿದರು. ಮಗಳ ಕಾಲೇಜು, ಮನೆ ಬಾಡಿಗೆ ಎಲ್ಲ ಆ ಕೆಲಸದ ಮೇಲೇ ನಿಂತಿತ್ತು. "ಬಾಡಿಗೆ ಹೇಗೆ ಕಟ್ಟೋದು ಅನ್ನೋದೇ ತಲೇಲಿತ್ತು," ಎನ್ನುತ್ತಾರೆ ಈಗ. "ಆದ್ರೂ ಕೊಳೆ ಹಚ್ಚೋಕೆ ಮನಸ್ಸು ಬರಲಿಲ್ಲ. ಅದನ್ನ ಹಾಕ್ಕೊಂಡು ನಾನೇ ಟೀಚರ್ ಮುಂದೆ ನಿಂತ ಹಾಗೆ ಆಗ್ತಿತ್ತು."

ಉಳಿಸಿದ್ದು ಮುಂಗೋಪಿ ಎಂದೇ ಹೆಸರಾದ ವಯಸ್ಸಾದ ಕ್ಯಾಮೆರಾಮನ್. ಎರಡು ರೀತಿಯಲ್ಲೂ ತೆಗೆಯೋಣ, ಆಮೇಲೆ ನೋಡೋಣ ಎಂದು ಹಟ ಹಿಡಿದರು. ಲಂಗದ ಅಂಚು ಕಾಣಬೇಕೆಂದು ಕ್ಯಾಮೆರಾ ಕೆಳಗಿಳಿಯಿತು. ಕೆಳಗಿಳಿದದ್ದೇ ತಾಯಿಯ ಮುಖ ಎದುರಾಯಿತು, ಅದಕ್ಕೆ ಬೆಳಕು ಬೇಕಾಯಿತು. ಸಂಗೀತ ಕೂಡಿಸುವವರು ಟೊಂಯ್ ಟೊಂಯ್ ಹಾಕಿ ನೋಡಿದರು, ಒಂಚೂರೂ ಒಗ್ಗಲಿಲ್ಲ, ತಾವಾಗಿಯೇ ತೆಗೆದರು. ನಿರ್ದೇಶಕರು ಎರಡನ್ನೂ ಪಕ್ಕಪಕ್ಕ ಇಟ್ಟು ಮತ್ತೆ ಮತ್ತೆ ನೋಡಿದರು. ಮೂರನೆಯ ದಿನ ಅಕ್ಕನಿಗೆ ಫೋನ್ ಬಂತು: ಬನ್ನಿ, ಬಟ್ಟೆ ರಾಶಿ ಬಿದ್ದಿದೆ. ಕ್ಷಮೆ ಗಿಮೆ ಏನೂ ಇಲ್ಲ. ಪ್ರಸಾರವಾದದ್ದು ಮಾತ್ರ ಅಕ್ಕನ ದೃಶ್ಯವೇ.

ಕಂತು ಬಂದ ಸಂಜೆ ಇವರಿಗೆ ಕೆಲಸವಿತ್ತು, ನೋಡಲಾಗಲಿಲ್ಲ. ನೋಡಿದ್ದು ಹಿಂದೆ ಜೊತೆಯಲ್ಲಿ ನೆಲ ಒರೆಸುತ್ತಿದ್ದ ಗೆಳತಿಯರು, ಕೆಲಸ ಮುಗಿಸಿ ಒಬ್ಬಳ ಮನೆಯಲ್ಲಿ ಏಳೆಂಟು ಮಂದಿ ಸೇರಿ. ಅವರಲ್ಲೊಬ್ಬಳು ಆಮೇಲೆ ಫೋನ್ ಮಾಡಿದ್ದಳು. ನಟನೆ ಚೆನ್ನಾಗಿತ್ತು ಅಂದಳಾ, ಅಳು ಬಂತು ಅಂದಳಾ ಎಂದು ನಾನು ಕೇಳುತ್ತೇನೆ. ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾ ಇಲ್ಲವೆನ್ನುತ್ತಾರೆ. ಅವರ ಮುಖದಲ್ಲಿ ಹೆಮ್ಮೆ ಬೇಡವೆಂದರೂ ಉಕ್ಕುತ್ತಿದೆ.

"ಟಿವಿಯಲ್ಲಿ ಕೆಲಸದವಳು ಬಂದ್ರೆ ನಾವು ಯಾವಾಗಲೂ ಚಾನೆಲ್ ಬದಲಾಯಿಸ್ತಿದ್ವಿ," ಎನ್ನುತ್ತಾರೆ. "ಅವತ್ತು ಯಾರೂ ರಿಮೋಟ್ ಮುಟ್ಟಲಿಲ್ಲವಂತೆ."